ನಾಕೌಟ್ ಅಂದ್ರೆ ಅಷ್ಟೇನಾ?

ಹೋದ ಸೆಮಿಸ್ಟರ್ ನಮ್ಮ ಹಾಸ್ಟೆಲ್‌ನಲ್ಲಿ ಡಾರ್ಟ್ಸ್ ಟೂರ್ನಮೆಂಟ್ ಮಾಡಿದ್ವಿ. ಫಿಕ್ಸ್ಚರ್ ಹಾಕಿದ್ದು ನಾನು. 22 ಹೆಸರು, ಒಂದೇ ಬೋರ್ಡ್, ಒಂದು ಭಾನುವಾರ. ಚೀಟಿ ಎತ್ತಿ ಜೋಡಿ ಮಾಡಿ, ಪ್ರತಿ ಮ್ಯಾಚ್ ಒಂದೇ ಲೆಗ್ ಅಂತ ಬರೆದು ಗೋಡೆಗೆ ಅಂಟಿಸಿದೆ.

ಆ ಬೋರ್ಡ್ ನಮ್ಮ ಫೈನಲ್ ಇಯರ್ ಸೀನಿಯರ್ ಒಬ್ಬರದ್ದು. ಅವರು ಫಸ್ಟ್ ಇಯರ್‌ನಲ್ಲಿದ್ದಾಗ ಕಮರ್ಷಿಯಲ್ ಸ್ಟ್ರೀಟ್‌ನಿಂದ ತಂದು ಕಾಮನ್ ರೂಮಲ್ಲಿ ನೇತುಹಾಕಿದ್ದು. ಮೂರು ವರ್ಷದಿಂದ ರಾತ್ರಿ ಊಟ ಆದ್ಮೇಲೆ ಅರ್ಧ ಗಂಟೆ ಎಸೀತಾರೆ. ಅವರೇ ಗೆಲ್ತಾರೆ ಅಂತ ಎಲ್ಲರಿಗೂ ಗೊತ್ತಿತ್ತು. ಮೊದಲ ಮ್ಯಾಚಲ್ಲೇ, ಡಾರ್ಟ್ ಹಿಡಿದು ಒಂದು ವಾರ ಆಗಿದ್ದ ಫಸ್ಟ್ ಇಯರ್ ಹುಡುಗನ ಕೈಲಿ ಸೋತ್ರು. ಹುಡುಗನ ಕೈ ಕುಲುಕಿ, ನನ್ನ ಮುಖ ನೋಡಿ, "ಪರವಾಗಿಲ್ಲ ಬಿಡೋ, ನಾಕೌಟ್ ಅಂದ್ರೆ ಅಷ್ಟೇ" ಅಂದು ಮೇಲೆ ಹೋದ್ರು.

ನನಗೆ ಆ "ಅಷ್ಟೇ" ಒಂದು ವಾರ ತಲೆ ತಿಂತು. ಅದು ನಾಕೌಟ್‌ನ ತಪ್ಪಾ, ನನ್ನ ತಪ್ಪಾ? ಕೂತು ಲೆಕ್ಕ ಹಾಕಿದೆ.

ಆಟ ಗೊತ್ತಿಲ್ಲದವರಿಗೆ ಬೇಗ ಹೇಳಿಬಿಡ್ತೀನಿ. ಇಂದಿರಾನಗರದ ಪಬ್‌ಗಳಲ್ಲಿ ಬೋರ್ಡ್ ಇರುತ್ತೆ, ಆದ್ರೆ ನಮಗಿನ್ನೂ 21 ಆಗಿಲ್ಲ, ಹಾಗಾಗಿ ಅದು ಬೇಡ. ಬೋರ್ಡಿನ ನಡುಬಿಂದು ನೆಲದಿಂದ 1.73 ಮೀಟರ್ ಎತ್ತರದಲ್ಲಿರಬೇಕು, ಎಸೆಯೋ ಗೆರೆ ಬೋರ್ಡಿನಿಂದ 2.37 ಮೀಟರ್ ದೂರದಲ್ಲಿ. ಒಂದು ಸರದಿಗೆ ಮೂರು ಡಾರ್ಟ್. ಇಬ್ಬರೂ 501ರಿಂದ ಶುರು ಮಾಡಿ ಕಳೀತಾ ಹೋಗಬೇಕು, ಸರಿಯಾಗಿ ಸೊನ್ನೆಗೆ ಬಂದವರಿಗೆ ಆ ಲೆಗ್. ಒಳಗಿನ ಸಣ್ಣ ಉಂಗುರಕ್ಕೆ ಬಿದ್ರೆ ಮೂರು ಪಟ್ಟು, ಅಂಚಿನ ಉಂಗುರಕ್ಕೆ ಬಿದ್ರೆ ಎರಡು ಪಟ್ಟು. 20ರ ಟ್ರೆಬಲ್ 60, ಆದ್ರಿಂದ ಒಂದು ಸರದಿಯಲ್ಲಿ ಹೆಚ್ಚೆಂದರೆ 180. ಆದ್ರೆ 20ರ ಎಡಕ್ಕೆ 5, ಬಲಕ್ಕೆ 1. ಆಸೆ ಪಟ್ಟು ಸ್ವಲ್ಪ ಪಕ್ಕಕ್ಕೆ ಹೋದ್ರೆ ಶಿಕ್ಷೆ ಅಲ್ಲೇ ಕಾಯ್ತಿರುತ್ತೆ.

ನಿಜವಾದ ಕಷ್ಟ ಇರೋದು ಕೊನೇಲಿ. ಕೊನೆಯ ಡಾರ್ಟ್ ಡಬಲ್‌ಗೇ ಬೀಳಬೇಕು (ನಡುವಿನ ಬುಲ್ ಕೂಡ ನಡೆಯುತ್ತೆ, ಅದಕ್ಕೆ 50). ಆ ಡಬಲ್ ಉಂಗುರದ ಅಗಲ ಬರೀ 8 ಮಿಲಿಮೀಟರ್. ಬೇಕಾದ್ದಕ್ಕಿಂತ ಹೆಚ್ಚು ಹೊಡೆದ್ರೆ, ಅಥವಾ 1 ಉಳಿದ್ರೆ, ಆ ಸರದಿ ಪೂರ್ತಿ ರದ್ದು.

ಇಲ್ಲೊಂದು ವಿಷಯ ಕಂಪ್ಯೂಟರ್ ಸೈನ್ಸ್‌ನವರಿಗೆ ಖುಷಿ ಕೊಡುತ್ತೆ. ಆಟಗಾರರಿಗೆ 32 ಉಳಿಸ್ಕೊಳ್ಳೋದು ಇಷ್ಟ. ಯಾಕೆ? 16ರ ಡಬಲ್‌ಗೆ ಎಸೆದು, ಅದು ಒಳಗೆ ಬಿದ್ದು ಸಿಂಗಲ್ 16 ಆದ್ರೆ 16 ಉಳಿಯುತ್ತೆ, 8ರ ಡಬಲ್. ಅದೂ ತಪ್ಪಿದ್ರೆ 8, ಆಮೇಲೆ 4, ಆಮೇಲೆ 2. ಎರಡರ ಘಾತಗಳು, ಐದು ಸಲ ಅರ್ಧ ಮಾಡಬಹುದು! ಅದೇ 38 ಉಳಿಸಿಕೊಂಡು ಸಿಂಗಲ್ 19 ಹೊಡೆದ್ರೆ ಉಳಿಯೋದು ಬೆಸ ಸಂಖ್ಯೆ, ಅದನ್ನ ಸರಿ ಮಾಡೋಕೇ ಇನ್ನೊಂದು ಡಾರ್ಟ್ ದಂಡ.

ನಮ್ಮ ಸೀನಿಯರ್ 32ಕ್ಕೆ ಬಂದಾಗ ಆ ಹುಡುಗನ ಹತ್ರ ಇನ್ನೂ 200 ಚಿಲ್ಲರೆ ಇತ್ತು. ಆಮೇಲೆ 16, 8, 4, 2. ಪ್ರತಿ ಸಲವೂ ಕೂದಲೆಳೆ ಒಳಗೆ. ಕೊನೆಗೆ 1ರ ಡಬಲ್‌ನಲ್ಲಿ ಸಿಕ್ಕಿಹಾಕಿಕೊಂಡ್ರು. ಅದಕ್ಕಿಂತ ಕೆಳಗೆ ಡಬಲ್ಲೇ ಇಲ್ಲ. ಇಂಗ್ಲೆಂಡಲ್ಲಿ ಅದಕ್ಕೆ ಮ್ಯಾಡ್‌ಹೌಸ್, ಅಂದ್ರೆ ಹುಚ್ಚಾಸ್ಪತ್ರೆ ಅಂತಾನೇ ಅಡ್ಡಹೆಸರು. ಅಷ್ಟರಲ್ಲಿ ಹುಡುಗ ಇಳಿದು ಇಳಿದು 40ಕ್ಕೆ ಬಂದು, ಒಂದೇ ಡಾರ್ಟಲ್ಲಿ ಟಪ್ ಅಂತ ಮುಗಿಸಿದ.

ಅಂದ್ರೆ ನಮ್ಮಂಥವರ ಆಟದಲ್ಲಿ ಮೊದಲ 450 ಅಂಕ ಕೌಶಲ ತೋರಿಸುತ್ತೆ, ಕೊನೆಯ ಡಬಲ್ ಬಹುಪಾಲು ಅದೃಷ್ಟ. ವೃತ್ತಿಪರರು ಡಬಲ್‌ಗೆ ಎಸೆದ ಹತ್ತರಲ್ಲಿ ಸುಮಾರು ನಾಲ್ಕು ಹೊಡೀತಾರೆ. ಅವರಿಗೂ ಹತ್ತರಲ್ಲಿ ಆರು ತಪ್ಪುತ್ತೆ ಅನ್ನೋದನ್ನ ಗಮನಿಸಿ.

ಈಗ ಲೆಕ್ಕ. ಸೀನಿಯರ್ ಯಾರ ಎದುರು ಆಡಿದ್ರೂ ಒಂದು ಲೆಗ್ ಗೆಲ್ಲೋ ಸಾಧ್ಯತೆ 60% ಅಂತ ಇಟ್ಕೊಳ್ಳಿ. (ಮೊದಲು ಎಸೆಯೋರಿಗೆ ಸ್ವಲ್ಪ ಲಾಭ ಇದೆ, ಅದನ್ನ ಬಿಟ್ಟಿದ್ದೀನಿ.) ಒಂದೇ ಲೆಗ್ ಆದ್ರೆ ಮ್ಯಾಚ್ ಗೆಲ್ಲೋದೂ 60. ಮೂರರಲ್ಲಿ ಎರಡು ಅಂದ್ರೆ 65. ಐದರಲ್ಲಿ ಮೂರು, 68. ಹನ್ನೊಂದರಲ್ಲಿ ಆರು, 75. ಏನ್ ಮಹಾ ವ್ಯತ್ಯಾಸ ಅನ್ಸುತ್ತಾ? ನಾಕೌಟಲ್ಲಿ ಇದು ಗುಣಾಕಾರ ಆಗುತ್ತೆ. 22 ಜನ ಅಂದ್ರೆ ಬೈ ಸಿಗದವರು ಕಪ್ ಎತ್ತೋಕೆ ಐದು ಸುತ್ತು ಗೆಲ್ಲಬೇಕು. 0.6ನ್ನ ಐದು ಸಲ ಗುಣಿಸಿದ್ರೆ 8%ಗೂ ಸ್ವಲ್ಪ ಕಡಿಮೆ. ಹನ್ನೊಂದು ಲೆಗ್ ಮ್ಯಾಚ್ ಆದ್ರೆ 24%. ಆಟಗಾರ ಅವನೇ, ಬೋರ್ಡ್ ಅದೇ, ಸಾಧ್ಯತೆ ಮೂರು ಪಟ್ಟು. ನಾನು ಗೋಡೆಗೆ ಅಂಟಿಸಿದ ಹಾಳೆಯಲ್ಲಿ ಅವರಿಗೆ ಕೊಟ್ಟಿದ್ದು ಆ 8.

ದೊಡ್ಡವರಿಗೆ ಇದು ಚೆನ್ನಾಗಿ ಗೊತ್ತು. ಲಂಡನ್ನಿನ ಅಲೆಕ್ಸಾಂಡ್ರಾ ಪ್ಯಾಲೇಸಲ್ಲಿ ನಡೆಯೋ ಪಿಡಿಸಿ ವಿಶ್ವ ಚಾಂಪಿಯನ್‌ಶಿಪ್ ಕೂಡ ಶುದ್ಧ ನಾಕೌಟ್. ಈಗ 128 ಆಟಗಾರರು, 127 ಮ್ಯಾಚ್. (ಪ್ರತಿ ಮ್ಯಾಚ್ ಒಬ್ಬರನ್ನ ಮನೆಗೆ ಕಳಿಸುತ್ತೆ, ಒಬ್ಬರು ಉಳೀಬೇಕು. ಬ್ರಾಕೆಟ್ ಬರೆದು ಎಣಿಸೋದೇ ಬೇಡ.) ಆದ್ರೆ ಅಲ್ಲಿ ಲೆಗ್‌ಗಳನ್ನ ಸೆಟ್ ಮಾಡ್ತಾರೆ. ಐದು ಲೆಗ್ಗಲ್ಲಿ ಮೂರು ಗೆದ್ರೆ ಒಂದು ಸೆಟ್, ಮೊದಲ ಸುತ್ತಲ್ಲಿ ಐದು ಸೆಟ್ಟಲ್ಲಿ ಮೂರು ಗೆಲ್ಲಬೇಕು. ನಮ್ಮ 60% ಅಲ್ಲಿ ಮೊದಲ ಸುತ್ತಿಗೇ 81% ಆಗುತ್ತೆ. ಸುತ್ತು ಮುಂದೆ ಹೋದಂತೆ ಮ್ಯಾಚ್ ಉದ್ದ ಆಗಿ, ಫೈನಲ್ ಹದಿಮೂರು ಸೆಟ್ಟಿಂದು. ಅಲ್ಲಿ ಸುಮಾರು 92%. ಜೊತೆಗೆ ಮೊದಲ 32 ಜನಕ್ಕೆ ಸೀಡಿಂಗ್, ಬಲಿಷ್ಠರು ಶುರುವಲ್ಲೇ ಎದುರಾಗದ ಹಾಗೆ. ಇಷ್ಟೆಲ್ಲಾ ಜರಡಿ ಇಟ್ಟ ಮೇಲೆ 2025ರಲ್ಲಿ ಗೆದ್ದಿದ್ದು 17 ವರ್ಷದ ಲ್ಯೂಕ್ ಲಿಟ್ಲರ್. ಅದೃಷ್ಟ ಅನ್ನೋಕೆ ಜಾಗವೇ ಇಲ್ಲ, ಅದಕ್ಕೇ ಹೊಟ್ಟೆಕಿಚ್ಚು.

ಹಾಗಂತ ಸೋಲು ಅಲ್ಲೂ ಬೇಗ ಬರುತ್ತೆ. ನಮ್ಮ ದೇಶದ ನಿತಿನ್ ಕುಮಾರ್ 2019ರ ಚಾಂಪಿಯನ್‌ಶಿಪ್‌ಗೆ ಅಷ್ಟು ದೂರ ಹೋಗಿ, ಮೊದಲ ಸುತ್ತಲ್ಲೇ ಜೆಫ್ರಿ ಡಿ ಜ್ವಾನ್ ಕೈಲಿ 3-0 ಸೋತ್ರು. ಮರುವರ್ಷವೂ ಮೊದಲ ಸುತ್ತೇ. ಕೊನೆಗೆ 2025ರ ಡಿಸೆಂಬರಲ್ಲಿ ರಿಚರ್ಡ್ ವೀನ್‌ಸ್ಟ್ರಾ ಅವರನ್ನ ಸೋಲಿಸಿ, ಈ ಚಾಂಪಿಯನ್‌ಶಿಪ್‌ನಲ್ಲಿ ಒಂದು ಮ್ಯಾಚ್ ಗೆದ್ದ ಮೊದಲ ಭಾರತೀಯ ಆದ್ರು. ಏಳು ವರ್ಷಕ್ಕೆ ಒಂದು ಗೆಲುವು. ನನಗೆ ಲಿಟ್ಲರ್‌ಗಿಂತ ಇವರ ಕಥೆಯೇ ಹೆಚ್ಚು ಇಷ್ಟ.

ಇದು ಡಾರ್ಟ್ಸ್‌ಗೆ ಮಾತ್ರ ಅಲ್ಲ, ಇದರ ದೊಡ್ಡ ಉದಾಹರಣೆ ನಮ್ಮ ಪರ್ಪಲ್ ಲೈನಲ್ಲೇ ಇದೆ. ಹಲಸೂರಿನ ಫ್ರಾಂಕ್ ಆಂಟನಿ ಸ್ಕೂಲಲ್ಲಿ ಓದಿ, ಅರವಿಂದ್ ಸವೂರ್ ಹತ್ರ ಕಲಿತ ಪಂಕಜ್ ಅಡ್ವಾಣಿ. ವಿಶ್ವ ಬಿಲಿಯರ್ಡ್ಸ್‌ನಲ್ಲಿ ಎರಡು ಬೇರೆ ಬೇರೆ ಪ್ರಶಸ್ತಿ ಇದೆ: ಒಂದರಲ್ಲಿ 150 ಪಾಯಿಂಟ್‌ನ ಚಿಕ್ಕ ಚಿಕ್ಕ ಗೇಮ್, ಇನ್ನೊಂದರಲ್ಲಿ ಗಂಟೆಗಟ್ಟಲೆ ಆಡಿ ಒಟ್ಟು ಸ್ಕೋರ್. ಚಿಕ್ಕದು, ಉದ್ದದ್ದು ಎರಡೂ ಬೇರೆ ಬೇರೆ ಪರೀಕ್ಷೆ ಅಂತ ಒಪ್ಪಿಕೊಂಡೇ ಹಾಗೆ ಮಾಡಿರೋದು. ಅಡ್ವಾಣಿ 2005ರಲ್ಲಿ ಮಾಲ್ಟಾದಲ್ಲಿ ಎರಡನ್ನೂ ಗೆದ್ರು, 2008ರಲ್ಲಿ ನಮ್ಮ ಬೆಂಗಳೂರಲ್ಲೇ ಮತ್ತೆ ಎರಡನ್ನೂ. ಅಂಥವರಿಗೆ ಫಿಕ್ಸ್ಚರ್ ಹಾಕೋನ ಮೇಲೆ ಸಿಟ್ಟು ಬರೋ ಪ್ರಮೇಯವೇ ಇಲ್ಲ.

ಉಳಿದವರಿಗೆ ಫಾರ್ಮ್ಯಾಟ್ ಬೇಕು. ಈ ಸೆಮಿಸ್ಟರ್‌ಗೆ ಹೀಗೆ ಹಾಕಿದ್ದೀನಿ: ಮೊದಲ ಹತ್ತು ಜನಕ್ಕೆ ಸೀಡಿಂಗ್ ಮತ್ತು ಬೈ, ಕ್ವಾರ್ಟರ್ ಫೈನಲ್‌ವರೆಗೆ ಮೂರು ಲೆಗ್, ಸೆಮಿ ಐದು, ಫೈನಲ್ ಏಳು. ಸೀನಿಯರ್ ಸಾಧ್ಯತೆ 20%ಗೆ ಏರುತ್ತೆ. ಆದ್ರೆ ಹೋದ ಸಲ 21 ಲೆಗ್‌ಗೆ ಮುಗಿದಿದ್ದು ಈಗ 71ರವರೆಗೆ ಹೋಗಬಹುದು. ನಮ್ಮ ಡಬಲ್ ಹೊಡೆಯೋ ವೇಗಕ್ಕೆ ಒಂದು ಲೆಗ್‌ಗೆ ಕಾಲು ಗಂಟೆ, ಅಂದ್ರೆ ಹತ್ತಿರ ಹತ್ತಿರ ಹದಿನೆಂಟು ಗಂಟೆ. ವಾರ್ಡನ್ ಮೂರು ಸಂಜೆ ಮಾತ್ರ ಕೊಟ್ಟಿದ್ದಾರೆ.

ಸೀನಿಯರ್‌ಗೆ ಹಾಳೆ ತೋರಿಸಿದೆ. ಪೂರ್ತಿ ಓದಿ, "20 ಪರ್ಸೆಂಟೇನಾ?" ಅಂದ್ರು. ಪ್ರಾಕ್ಟೀಸ್ ಮತ್ತೆ ಶುರು ಮಾಡಿದ್ದಾರೆ, ಈಗ ಬರೀ 1ರ ಡಬಲ್‌ಗೆ.

ಎರಡನೇ ಬೋರ್ಡ್ ಒಂದು ಬೇಕು. ಯಾರ ಹತ್ರನಾದ್ರೂ ಇದ್ರೆ ಕನ್ನಡ ಸಂಘದ ರೂಮಿಗೆ ತಂದುಕೊಡಿ, ವಾಪಸ್ ಕೊಡ್ತೀವಿ.