ಎಂಜಿನಿಯರ್ ದಳಕ್ಕೆ ಕೋಟೆಯ ಲಾಂಛನವೇಕೆ?

ಪ್ರಶ್ನೆ: ಅಮೆರಿಕದ ಸೇನೆಯ ಎಂಜಿನಿಯರ್ ದಳ ಸೇತುವೆ, ಅಣೆಕಟ್ಟು ಕಟ್ಟುತ್ತದೆ. ಆದರೂ ಅದರ ಲಾಂಛನದಲ್ಲಿ ಮೂರು ಬುರುಜುಗಳ ಕೋಟೆ ಇರುವುದೇಕೆ?

ಲಾಂಛನ ಹೇಳುವುದು ತಾನು ಹುಟ್ಟಿದ ಕಾಲದ ಕಸುಬನ್ನು. 1802ರಲ್ಲಿ ಈ ದಳ ಈಗಿನ ರೂಪಕ್ಕೆ ಬಂದ ಮೇಲೆ ಅದರ ದೊಡ್ಡ ಹೊಣೆ ಬಂದರುಗಳನ್ನು ಕಾಯುವ ಕೋಟೆಗಳನ್ನು ಕಟ್ಟುವುದಾಗಿತ್ತು. 1840ರಲ್ಲಿ ಕೋಟೆಯ ಗುರುತು ಅಧಿಕಾರಿಗಳ ಭುಜಪಟ್ಟಿಗೂ ಸೊಂಟಪಟ್ಟಿಗೂ ಬಂತು. ಅದು ಬರೀ ಅಲಂಕಾರವಲ್ಲ ಎನ್ನಲು ಗಟ್ಟಿ ಪುರಾವೆಯಿದೆ: ಆಗ ನೆಲ ಅಳೆದು ನಕ್ಷೆ ಮಾಡುವ ಎಂಜಿನಿಯರರದು ಬೇರೆಯೇ ದಳ, ಅವರ ಗುರುತು ಗುರಾಣಿ. 1863ರಲ್ಲಿ ಎರಡೂ ಒಂದಾದಾಗ ಉಳಿದದ್ದು ಕೋಟೆ.

ಅಮೆರಿಕದವರು ಕಟ್ಟಿದ್ದು ತಗ್ಗಾದ, ದಪ್ಪ ಗೋಡೆಯ ಫಿರಂಗಿ ಕೋಟೆಗಳನ್ನಲ್ಲವೇ, ಯುರೋಪಿನ ಮಧ್ಯಯುಗದ ಬುರುಜು ಇಲ್ಲಿಗೇಕೆ ಎಂದು ಯಾರಾದರೂ ಆಕ್ಷೇಪಿಸಬಹುದು. ಮಾತು ಸರಿಯೇ. ಆದರೆ ಲಾಂಛನದ ಕೆಲಸ ಕಟ್ಟಡದ ಪಡಿಯಚ್ಚು ಕೊಡುವುದಲ್ಲ, ನೋಡಿದ ಕೂಡಲೇ ಗುರುತು ಸಿಗುವಂತೆ ಮಾಡುವುದು. ಮೊಬೈಲಿನ ಕರೆಯ ಗುಂಡಿಯ ಮೇಲೆ ಇಂದಿಗೂ ಹಳೆಯ ಫೋನಿನ ರಿಸೀವರ್ ಇರುವುದು ಇದೇ ಕಾರಣಕ್ಕೆ. ತಗ್ಗು ಗೋಡೆಯನ್ನು ಅಂಗುಲದಷ್ಟು ಲೋಹದಲ್ಲಿ ಕೆತ್ತಿದರೆ ಬರೀ ಗೀಟಿನಂತೆ ಕಂಡೀತು. ಬುರುಜು, ತೆನೆ, ಬಾಗಿಲು ಇದ್ದರೆ ಮಗುವೂ ಕೋಟೆ ಎನ್ನುತ್ತದೆ. ಹಾಗಾಗಿಯೇ ಈ ದಳದ ಹಲವು ತುಕಡಿಗಳ ಲಾಂಛನಗಳಲ್ಲಿ ಪೂರ್ತಿ ಕೋಟೆಯೂ ಬೇಕಾಗಿಲ್ಲ. ದಳದ ಬಣ್ಣಗಳಾದ ಕಡುಗೆಂಪು ಮತ್ತು ಬಿಳಿಯ ನಡುವಿನ ಗೆರೆಯನ್ನು ತೆನೆಯಂತೆ ಹಲ್ಲುಹಲ್ಲಾಗಿ ಕತ್ತರಿಸಿದರೆ ಸಾಕು, ಎಂಜಿನಿಯರರೆಂದು ಗೊತ್ತಾಗುತ್ತದೆ.