ಪ್ರೋಟಾನ್ ಕಿರಣವೂ ಶ್ವಾಸಕೋಶದ ಪೊರೆಯ ಕ್ಯಾನ್ಸರೂ

ಚಿಕಿತ್ಸೆಯು ರೋಗವನ್ನು ನಾಶಮಾಡಿದರೆ ಸಾಲದು, ರೋಗಿಯನ್ನು ಉಳಿಸಿಕೊಡಬೇಕು. ಕಿರಣ ಚಿಕಿತ್ಸೆಯ ಚರಿತ್ರೆಯೆಲ್ಲವೂ ಈ ಕಷ್ಟವನ್ನು ಬಿಡಿಸುವ ಪ್ರಯತ್ನವೇ ಎನ್ನಬಹುದು. ಕ್ಯಾನ್ಸರಿನ ಜೀವಕೋಶಗಳನ್ನು ಕೊಲ್ಲುವ ಕಿರಣವು ಪಕ್ಕದ ಆರೋಗ್ಯವಂತ ಕೋಶಗಳನ್ನೂ ಬಾಧಿಸುತ್ತದೆಯಷ್ಟೆ. ಈ ತೊಡಕು ಬಹಳ ತೀವ್ರವಾಗಿ ಕಾಣುವುದು ಶ್ವಾಸಕೋಶದ ಪೊರೆಗೆ ತಗಲುವ ಕ್ಯಾನ್ಸರಿನಲ್ಲಿ. ವೈದ್ಯರು ಇದನ್ನು ಮೆಸೋಥೀಲಿಯೋಮ ಎಂದು ಕರೆಯುತ್ತಾರೆ.

ನಮ್ಮ ಒಂದೊಂದು ಶ್ವಾಸಕೋಶವನ್ನೂ ಎರಡು ಪದರಗಳ ತೆಳುವಾದ ಪೊರೆ ಸುತ್ತಿಕೊಂಡಿದೆ. ಒಂದು ಪದರ ಶ್ವಾಸಕೋಶಕ್ಕೂ ಇನ್ನೊಂದು ಎದೆಗೂಡಿನ ಒಳಮೈಗೂ ಅಂಟಿಕೊಂಡಿರುತ್ತದೆ. ನಡುವಣ ಅಲ್ಪ ದ್ರವವು ಕೀಲೆಣ್ಣೆಯಂತೆ ಕೆಲಸಮಾಡಿ, ಉಸಿರಾಡುವಾಗ ಪದರಗಳು ಒಂದರ ಮೇಲೊಂದು ಜಾರಲು ನೆರವಾಗುತ್ತದೆ. ಈ ಪೊರೆಯ ದೊಡ್ಡ ಶತ್ರುವೆಂದರೆ ಕಲ್ನಾರು, ಅಂದರೆ ಆಸ್‌ಬೆಸ್ಟಾಸ್. 1960ರಲ್ಲಿ ವ್ಯಾಗ್ನರ್ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು ದಕ್ಷಿಣ ಆಫ್ರಿಕದ 33 ರೋಗಿಗಳ ವಿವರವನ್ನು ಪ್ರಕಟಿಸಿ, ಅಲ್ಲಿನ ನೀಲಿ ಕಲ್ನಾರಿನ ಗಣಿಗಳಿಗೂ ಈ ರೋಗಕ್ಕೂ ಇರುವ ಸಂಬಂಧವನ್ನು ತೋರಿಸಿದರು. ರೋಗಿಗಳಲ್ಲಿ ಕೆಲವರು ಗಣಿಯಲ್ಲಿ ದುಡಿದವರೇ ಅಲ್ಲ. ಅದರ ಬಳಿ ಬಾಲ್ಯವನ್ನು ಕಳೆದವರು. ಧೂಳು ಒಳಹೊಕ್ಕು 20ರಿಂದ 50 ವರ್ಷಗಳಾದ ಮೇಲೆ ರೋಗ ತಲೆಯೆತ್ತುತ್ತದೆ.

ಈ ಕ್ಯಾನ್ಸರು ಗಡ್ಡೆಯಾಗಿ ಒಂದೆಡೆ ನಿಲ್ಲುವುದಿಲ್ಲ. ಕಿತ್ತಳೆಯ ಸಿಪ್ಪೆ ತೊಳೆಗಳನ್ನು ಸುತ್ತಿರುವಂತೆ ಶ್ವಾಸಕೋಶವನ್ನೇ ಸುತ್ತಿ ಹರಡುತ್ತದೆ. ವೈದ್ಯನು ಸಿಪ್ಪೆಯನ್ನು ಸುಡಬೇಕು, ತೊಳೆಗಳಿಗೆ ಬಿಸಿ ತಟ್ಟಬಾರದು! ಸಾಲದುದಕ್ಕೆ ಹೃದಯ, ಬೆನ್ನುಹುರಿ, ಯಕೃತ್ತು, ಮತ್ತೊಂದು ಶ್ವಾಸಕೋಶ ಎಲ್ಲವೂ ನೆರೆಯಲ್ಲಿಯೇ ಇವೆ.

ಸಾಮಾನ್ಯವಾಗಿ ಬಳಸುವ ಕ್ಷ-ಕಿರಣವು ಚರ್ಮದಿಂದ ಕೆಲವೇ ಸೆಂಟಿಮೀಟರುಗಳ ಒಳಗೆ ತನ್ನ ಹೆಚ್ಚಿನ ಬಲವನ್ನು ತೋರಿಸಿ, ಮುಂದೆ ಕ್ರಮಕ್ರಮವಾಗಿ ಕ್ಷೀಣಿಸುತ್ತ, ಗುರಿಯನ್ನು ದಾಟಿ ದೇಹದ ಆಚೆಯ ಮಗ್ಗುಲಿಂದ ಹೊರಬೀಳುತ್ತದೆ. ದಾರಿಯಲ್ಲಿ ಸಿಕ್ಕಿದ ಅಂಗಗಳೆಲ್ಲ ಅದರ ಪೆಟ್ಟನ್ನು ತಿನ್ನಬೇಕು. ಇದರ ಪರಿಣಾಮ ಎಷ್ಟು ಘೋರವಾಗಬಹುದೆಂಬುದು 2006ರಲ್ಲಿ ಅಮೆರಿಕದ ಬಾಸ್ಟನ್ನಿನಿಂದ ಪ್ರಕಟವಾದ ವರದಿಯೊಂದರಿಂದ ತಿಳಿದುಬಂದಿತು. ಪೊರೆಯ ಸಮೇತ ಒಂದು ಶ್ವಾಸಕೋಶವನ್ನು ತೆಗೆಸಿಕೊಂಡ ಬಳಿಕ, ಹಲವು ದಿಕ್ಕುಗಳಿಂದ ಕ್ಷ-ಕಿರಣವನ್ನು ಹಾಯಿಸುವ ಹೊಸ ವಿಧಾನದ ಚಿಕಿತ್ಸೆಯನ್ನು ಪಡೆದ 13 ಮಂದಿಯಲ್ಲಿ 6 ಮಂದಿ, ಉಳಿದಿದ್ದ ಒಂದು ಶ್ವಾಸಕೋಶ ಉರಿಯೂತಕ್ಕೊಳಗಾಗಿ ಮಡಿದರು.

ಪ್ರೋಟಾನಿನ ಸ್ವಭಾವವೇ ಬೇರೆ. ಇದು ಪರಮಾಣುವಿನ ಬೀಜದಲ್ಲಿರುವ ಧನವಿದ್ಯುತ್ತಿನ ಕಣ. ಎಲೆಕ್ಟ್ರಾನಿಗಿಂತ ಸುಮಾರು 1836 ಪಾಲು ಭಾರ. ಸೈಕ್ಲೊಟ್ರಾನಿನಂಥ ಯಂತ್ರದಲ್ಲಿ ಇದಕ್ಕೆ ಬೆಳಕಿನ ವೇಗದ ಐದರಲ್ಲಿ ಮೂರು ಪಾಲಿನಷ್ಟು ವೇಗವನ್ನು ಕೊಟ್ಟರೆ, ಮೈಯೊಳಗೆ 30 ಸೆಂಟಿಮೀಟರಿನಷ್ಟು ಆಳಕ್ಕೆ ಹೋಗಬಲ್ಲುದು. ವೇಗವಾಗಿರುವಾಗ ಅದು ಸುತ್ತಣ ಪರಮಾಣುಗಳಿಗೆ ಕೊಡುವ ಶಕ್ತಿ ಅಲ್ಪ. ವೇಗ ತಗ್ಗಿದಷ್ಟೂ ಹೆಚ್ಚು. ಜಾತ್ರೆಗೆ ಹೊರಟ ಒಕ್ಕಲಿಗನು ದಾರಿಯುದ್ದಕ್ಕೂ ಕಾಸು ಕಾಸಿಗೂ ಲೆಕ್ಕ ಹಾಕಿ, ಜಾತ್ರೆ ಸೇರಿದೊಡನೆ ಗಂಟನ್ನೆಲ್ಲ ಬಿಚ್ಚುವಂತೆ, ಪ್ರೋಟಾನು ತನ್ನ ಶಕ್ತಿಯ ಬಹುಭಾಗವನ್ನು ಪಯಣದ ಕೊನೆಯಲ್ಲಿ ಚೆಲ್ಲಿ ಅಲ್ಲಿಯೇ ನಿಂತುಬಿಡುತ್ತದೆ. ಇದಕ್ಕೆ ಬ್ರ್ಯಾಗ್ ಶಿಖರವೆಂದು ಹೆಸರು. ಆರಂಭದ ಶಕ್ತಿಯನ್ನು ಹೆಚ್ಚುಕಡಿಮೆ ಮಾಡಿ ಈ ಶಿಖರವನ್ನು ಬೇಕಾದ ಆಳದಲ್ಲಿ ನಿಲ್ಲಿಸಬಹುದು. ಅಯಸ್ಕಾಂತಗಳಿಂದ ಕಿರಣವನ್ನು ಅತ್ತಿತ್ತ ತಿರುಗಿಸಿ, ಗೋಡೆಗೆ ಸುಣ್ಣ ಬಳಿದಂತೆ ಪದರ ಪದರವಾಗಿ ಪೊರೆಯ ಮೇಲೆ ಹರಡಬಹುದು.

ಈ ಗುಣವು ಚಿಕಿತ್ಸೆಗೆ ಒದಗಬಹುದೆಂದು 1946ರಲ್ಲಿ ಸೂಚಿಸಿದವರು ಭೌತವಿಜ್ಞಾನಿ ರಾಬರ್ಟ್ ವಿಲ್ಸನ್. 1954ರಲ್ಲಿ ಅಮೆರಿಕದ ಬರ್ಕಲಿಯಲ್ಲಿ ಮೊದಲ ರೋಗಿಗೆ ಪ್ರೋಟಾನ್ ಚಿಕಿತ್ಸೆ ನಡೆಯಿತು. ಭಾರತದಲ್ಲಿ 2019ರಲ್ಲಿ ಚೆನ್ನೈಯಲ್ಲಿಯೂ 2023ರಲ್ಲಿ ಮುಂಬಯಿಯ ಬಳಿಯ ಖಾರ್ಘರಿನ ಟಾಟಾ ಸ್ಮಾರಕ ಕೇಂದ್ರದಲ್ಲಿಯೂ ಇದು ಆರಂಭವಾಯಿತು.

ಆದರೆ ಇದನ್ನು ಸಂಜೀವಿನಿಯೆಂದು ಭಾವಿಸಬಾರದು. ಕೋಶವನ್ನು ಕೊಲ್ಲುವ ಬಲದಲ್ಲಿ ಪ್ರೋಟಾನು ಕ್ಷ-ಕಿರಣಕ್ಕಿಂತ ಸುಮಾರು ನೂರಕ್ಕೆ ಹತ್ತರಷ್ಟು ಮಾತ್ರ ಮೇಲು. ಅದರ ಹೆಚ್ಚಳವೆಲ್ಲ ಗುರಿ ಮುಟ್ಟಿದ ಮೇಲೆ ನಿಲ್ಲುವುದರಲ್ಲಿದೆ. ಈ ಗುಣವೇ ಒಮ್ಮೊಮ್ಮೆ ತೊಡಕೂ ಆಗುತ್ತದೆ. ಉಸಿರಾಡಿದಂತೆಲ್ಲ ಪೊರೆ ಅಲುಗುತ್ತದೆ. ಗಾಳಿ ತುಂಬಿದ ಶ್ವಾಸಕೋಶದಲ್ಲಿ ಪ್ರೋಟಾನು ಮಾಂಸದಲ್ಲಿ ಹೋಗುವುದಕ್ಕಿಂತ ಬಹುದೂರ ಸಾಗುತ್ತದೆ. ಲೆಕ್ಕ ಸ್ವಲ್ಪ ತಪ್ಪಿ ಕಿರಣ ಮೊದಲೇ ನಿಂತರೆ ರೋಗ ಉಳಿಯುತ್ತದೆ. ಮುಂದೆ ಹೋದರೆ ಹೃದಯಕ್ಕೆ ಪೆಟ್ಟು. ನೆರೆಯ ಅಂಗಗಳಿಗೆ ತಗಲುವ ಕಿರಣ ಕಡಿಮೆಯಾಗುವುದೇನೋ ನಿಜ. ಅದರಿಂದ ಈ ರೋಗಿಗಳ ಆಯುಸ್ಸು ಹೆಚ್ಚುತ್ತದೆಂದು ದೊಡ್ಡ ಪರೀಕ್ಷೆಗಳಿಂದ ಇನ್ನೂ ಸಿದ್ಧವಾಗಿಲ್ಲ. ಶಸ್ತ್ರಕ್ರಿಯೆ, ಔಷಧಿಗಳ ಜೊತೆಗೆ ಇದೂ ಒಂದು ಸಾಧನ, ಅಷ್ಟೆ.

ಆದಕಾರಣ ಧೂಳನ್ನು ತಡೆಯುವುದೇ ಎಲ್ಲಕ್ಕಿಂತ ಮೇಲು. ಕಲ್ನಾರು ಬೆರೆತ ಸಿಮೆಂಟು ತಗಡು ನಮ್ಮ ಊರುಗಳಿಗೆ ಅಪರಿಚಿತವಲ್ಲ. ಅದು ಕೆಡದೆ ಮಾಡಿನ ಮೇಲಿರುವಾಗ ಅಪಾಯ ಕಡಿಮೆ. ಕೊಯ್ಯುವಾಗ, ಕೊರೆಯುವಾಗ, ಒಡೆಯುವಾಗ ಕಣ್ಣಿಗೆ ಕಾಣದ ಎಳೆಗಳು ಗಾಳಿಗೆ ಸೇರುತ್ತವೆ. ಅದನ್ನು ಕೊಯ್ಯುವ ಕೂಲಿಗಾರನು ಎಷ್ಟೋ ಸಲ ನಮ್ಮ ವಯಸ್ಸಿನವನೇ ಆಗಿರುತ್ತಾನೆ. ಇಂದು ಅವನು ಸೇದಿದ ಧೂಳಿನ ಲೆಕ್ಕ ತೀರುವುದು ಅವನ ಮುಪ್ಪಿನಲ್ಲಿ. ಅಂದು ಎಂಥ ಜಾಣ ಕಿರಣ ಬಂದರೂ, ಇಂದು ಅವನ ಮೂಗಿಗೆ ಅಡ್ಡವಾಗುವ ಒಳ್ಳೆಯ ಮುಖವಾಡಕ್ಕೂ ತಗಡಿಗೆ ಚಿಮುಕಿಸುವ ನೀರಿಗೂ ಅದು ಸಮನಾಗಲಾರದು.