ಅಣ್ಣನ ಗಾಡಿಯ ಬೇರಿಂಗು

ಯಂತ್ರಗಳಿಗೂ ನನಗೂ ಅಷ್ಟಕ್ಕಷ್ಟೆ. ಹಳಗನ್ನಡದ ಒಂದು ಕಂದಪದ್ಯವನ್ನು ಬಿಡಿಸಿ, ಅನ್ವಯಿಸಿ, ಮತ್ತೆ ಕೂಡಿಸಿ ತೋರಿಸೆಂದರೆ ಇಪ್ಪತ್ತು ವರ್ಷಗಳ ಪಾಠದ ಬಲದಿಂದ ಹೇಗೋ ನಿಭಾಯಿಸಿಯೇನು. ಮನೆಯ ನಲ್ಲಿ ತೊಟ್ಟಿಕ್ಕಿದರೆ ಮಾತ್ರ ನೆರೆಮನೆಯ ಬಾಗಿಲು ತಟ್ಟುವವನು ನಾನು. ಅಂಥ ನಾನು ಕಳೆದ ಬೇಸಗೆಯ ರಜೆಯಲ್ಲಿ ಎರಡು ದಿನ ಒಂದು ಹಳೆಯ ಮೋಟಾರು ಗಾಡಿಯ ಕೆಳಗೆ ಅಂಗಾತ ಮಲಗಿ, ಮೈಕೈಗೆಲ್ಲ ಎಣ್ಣೆ ಬಳಿದುಕೊಂಡು, ಅದರ ಇಂಜಿನಿನ ಬೇರಿಂಗು ಬದಲಾಯಿಸುವ ಕೆಲಸದಲ್ಲಿ ಪಾಲುಗೊಂಡೆನೆಂದರೆ ನನ್ನನ್ನು ಬಲ್ಲವರು ನಗುತ್ತಾರೆ. ನಗಲಿ. ಆ ಎರಡು ದಿನಗಳಲ್ಲಿ ನಾನು ತಿಳಿದುಕೊಂಡದ್ದರಲ್ಲಿ ಅರ್ಧ ಮಾತ್ರ ಯಂತ್ರಕ್ಕೆ ಸೇರಿದ್ದು. ಆದರೆ ಆ ಅರ್ಧವನ್ನು ಹೇಳದೆ ಉಳಿದರ್ಧವನ್ನು ಹೇಳಲಾಗದು.

ನನ್ನ ಅಣ್ಣ ಇಂಗ್ಲೆಂಡಿನ ಕವೆಂಟ್ರಿ ನಗರದಲ್ಲಿದ್ದಾನೆ. ಶಿವಮೊಗ್ಗದಲ್ಲಿ ಡಿಪ್ಲೊಮಾ ಓದಿ, ಬೆಂಗಳೂರಿನಲ್ಲಿ ಕೆಲವು ಕಾಲ ದುಡಿದು, ಅಲ್ಲಿಂದ ಆ ದೇಶದ ಕಾರ್ಖಾನೆಯೊಂದಕ್ಕೆ ಹೋದವನು ಅಲ್ಲಿಯೇ ನೆಲೆಗೊಂಡ. ಅವನ ಮನೆಯ ಪಕ್ಕದ ಷೆಡ್ಡಿನಲ್ಲಿ ೧೯೬೯ರ ಒಂದು ಹಸಿರು ಬಣ್ಣದ ಎಂ.ಜಿ.ಬಿ. ಗಾಡಿ ಇದೆ. ಇಬ್ಬರು ಕುಳಿತುಕೊಳ್ಳುವ, ಮೇಲಿನ ಹೊದಿಕೆಯನ್ನು ಮಡಿಸಿಡಬಹುದಾದ, ನೆಲಕ್ಕೆ ಅಂಟಿಕೊಂಡಂತೆ ಓಡುವ ಸ್ಪೋರ್ಟ್ಸ್ ಕಾರು ಅದು. ಆಬಿಂಗ್‌ಡನ್ ಎಂಬ ಊರಿನಲ್ಲಿ ೧೯೬೨ರಿಂದ ೧೯೮೦ರವರೆಗೆ ಈ ಮಾದರಿಯ ಗಾಡಿಗಳು ಐದು ಲಕ್ಷಕ್ಕೂ ಮಿಕ್ಕಿ ತಯಾರಾದವು. ಭಾನುವಾರ ಬಿಸಿಲು ಕಂಡರೆ ಅಣ್ಣ ಅದನ್ನು ಹೊರಗೆ ತೆಗೆಯುತ್ತಾನೆ. ಉಳಿದ ದಿನಗಳಲ್ಲಿ ಅದು ಅವನ ಹಣವನ್ನೂ ಅತ್ತಿಗೆಯವರ ತಾಳ್ಮೆಯನ್ನೂ ತಿನ್ನುತ್ತಾ ಷೆಡ್ಡಿನಲ್ಲಿ ನಿಂತಿರುತ್ತದೆ.

“ಈ ವಯಸ್ಸಿನಲ್ಲಿ ಇದೇನು ಷೋಕಿ?” ಎಂದು ನಾನು ಕೇಳಿದಾಗ ಅವನು ಮುಂದಿನ ಮುಚ್ಚಳವನ್ನೆತ್ತಿ, “ಇದನ್ನು ನೋಡು. ಎಲ್ಲಿಯಾದರೂ ಕಂಡ ಹಾಗಿದೆಯೇ?” ಎಂದ. ನನಗೇನು ಕಾಣಬೇಕು? ಕಬ್ಬಿಣ ಕಂಡಿತು. ಅವನೇ ವಿವರಿಸಿದ. ಅದು ಬಿ.ಎಂ.ಸಿ. ಕಂಪನಿಯ ಬಿ-ಸೀರಿಸ್ ಎಂಬ ವಂಶಕ್ಕೆ ಸೇರಿದ ಇಂಜಿನು. ಆ ವಂಶದ ೧೪೮೯ ಸಿ.ಸಿ. ಇಂಜಿನೇ ೧೯೫೫ರ ಎಂ.ಜಿ.ಎ. ಎಂಬ ಸ್ಪೋರ್ಟ್ಸ್ ಕಾರಿಗೂ ನಮ್ಮ ಅಂಬಾಸಡರ್ ಗಾಡಿಗೂ ಕೂಡಿಬಂತು. ಅದನ್ನೇ ೧೭೯೮ ಸಿ.ಸಿ.ಗೆ ಹಿಗ್ಗಿಸಿ ಎಂ.ಜಿ.ಬಿ.ಗೆ ಇಟ್ಟರು. ತೀರ್ಥಹಳ್ಳಿಯ ಸ್ಟ್ಯಾಂಡಿನಲ್ಲಿ ಇಪ್ಪತ್ತೆರಡು ವರ್ಷ ನಿಂತಿದ್ದ ನಮ್ಮ ಅಪ್ಪನ ಬಾಡಿಗೆಯ ಅಂಬಾಸಡರಿನ ದಾಯಾದಿ ಇದು! ಅಣ್ಣನ ಷೋಕಿಯ ಮೂಲ ನನಗೆ ಆಗ ಸ್ವಲ್ಪ ಹೊಳೆಯಿತು.

ನಾನು ಹೋದ ವಾರದಲ್ಲೇ ಗಾಡಿ ಕಾಯಿಲೆ ಬಿದ್ದಿತ್ತು. ಇಂಜಿನು ಕಾದ ಮೇಲೆ ಎಣ್ಣೆಯ ಒತ್ತಡ ತೋರಿಸುವ ಮುಳ್ಳು ಕೆಳಕ್ಕಿಳಿಯುತ್ತಿತ್ತು. ಗಾಡಿ ಓಡುವಾಗ ೫೦ರಿಂದ ೮೦ ಪೌಂಡು ತೋರಿಸಬೇಕಾದದ್ದು ೩೦ಕ್ಕೆ ಬಂದು ನಿಂತಿತ್ತು. ಏರು ಹತ್ತುವಾಗ ಒಳಗಿನಿಂದ ಕಟಕಟನೆ ಒಂದು ಸದ್ದು. ಅಣ್ಣ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನಿಗೆ ಒತ್ತಿ, ಹಿಡಿಕೆಯನ್ನು ಕಿವಿಗೆ ಹಚ್ಚಿ, ವೈದ್ಯನಂತೆ ಕಣ್ಣು ಮುಚ್ಚಿ ಆಲಿಸಿದ. “ಬೇರಿಂಗ್ ಹೋಗಿದೆ,” ಎಂದ. ಶಾಫ್ಟಿಗೂ ಪೆಟ್ಟಾಗಿದ್ದರೆ ಇಂಜಿನನ್ನೇ ಹೊರತೆಗೆದು ಶಾಫ್ಟನ್ನು ಅರೆಯಿಸಬೇಕು. ಅಷ್ಟು ಹಣ ಸುರಿಯುವುದಿಲ್ಲ, ಗಾಡಿಯನ್ನು ಮಾರಿಬಿಡುತ್ತೇನೆ ಎಂದು ಅತ್ತಿಗೆಯವರಿಗೆ ಅವನು ಮಾತು ಕೊಟ್ಟಿದ್ದ. ಶಾಫ್ಟು ಉಳಿದಿದೆಯೇ ಇಲ್ಲವೇ ಎಂಬುದು ಬಿಚ್ಚಿದಾಗಲೇ ತಿಳಿಯಬೇಕು.

ಬೇರಿಂಗು ಎಂದರೇನು? ಓದುಗರಲ್ಲಿ ನನ್ನಂಥವರೂ ಇರುವರಾದ್ದರಿಂದ ನನಗೆ ತಿಳಿದಂತೆ ಹೇಳುತ್ತೇನೆ. ಪಿಸ್ಟನ್ನುಗಳು ಮೇಲಕ್ಕೂ ಕೆಳಕ್ಕೂ ಹಾರುತ್ತವೆ. ಆ ಹಾರಾಟವನ್ನು ಕನೆಕ್ಟಿಂಗ್ ರಾಡುಗಳು ಹಿಡಿದು, ಸೊಟ್ಟಸೊಟ್ಟಗಿರುವ ಕ್ರ್ಯಾಂಕ್ ಶಾಫ್ಟನ್ನು ಸುತ್ತಿಸುತ್ತವೆ. ರಾಡು ಶಾಫ್ಟನ್ನು ಅಪ್ಪಿಕೊಳ್ಳುವ ಜಾಗದಲ್ಲಿ, ಎರಡರ ನಡುವೆ, ಬಳೆಯನ್ನು ಎರಡಾಗಿ ಸೀಳಿದಂತಿರುವ ಎರಡು ತೆಳುವಾದ ಲೋಹದ ಶೆಲ್ಲುಗಳಿರುತ್ತವೆ. ಬೆನ್ನು ಉಕ್ಕಿನದು, ಒಳಮೈಗೆ ತಾಮ್ರ, ಸೀಸ, ತವರಗಳಂಥ ಮೆತ್ತನೆಯ ಲೋಹದ ಲೇಪ. ಇಂಥ ಕಡೆ ಮೆದು ಲೋಹವೇ ಇರಬೇಕೆಂಬ ವಿವೇಕ ಹಳೆಯದು. ಐಸಾಕ್ ಬ್ಯಾಬಿಟ್ ಎಂಬ ಅಮೆರಿಕನ್ನನು ತನ್ನ ಹೆಸರಿನ ಮಿಶ್ರಲೋಹ ಬೇರಿಂಗಿಗೆ ಹಕ್ಕುಪತ್ರ ಪಡೆದದ್ದು ೧೮೩೯ರಲ್ಲಿ.

ಇಂಜಿನು ಸರಿಯಾಗಿರುವಾಗ ಶಾಫ್ಟು ಈ ಶೆಲ್ಲನ್ನು ಮುಟ್ಟುವುದೇ ಇಲ್ಲ. ನಡುವೆ ಎಣ್ಣೆಯ ಒಂದು ಪೊರೆ ಇರುತ್ತದೆ. ಶಾಫ್ಟು ಅದರ ಮೇಲೆ ತೇಲುತ್ತದೆ. ಇದು ಮನುಷ್ಯರಿಗೆ ತಿಳಿದದ್ದು ಹೆಚ್ಚುಕಡಿಮೆ ಆಕಸ್ಮಿಕವಾಗಿ. ೧೮೮೩ರ ಸುಮಾರಿಗೆ ಬೋಷಾಂಪ್ ಟವರ್ ಎಂಬ ಇಂಗ್ಲಿಷ್ ಇಂಜಿನಿಯರನು ರೈಲ್ವೆ ಬೇರಿಂಗುಗಳನ್ನು ಪರೀಕ್ಷಿಸುತ್ತಾ ಒಂದರ ನೆತ್ತಿಯಲ್ಲಿ ರಂಧ್ರ ಕೊರೆದ. ಒಳಗಿನ ಎಣ್ಣೆ ಆ ರಂಧ್ರದಿಂದ ಮೇಲಕ್ಕುಕ್ಕಿತು. ಬಿರಡೆ ಹಾಕಿದರೆ ಬಿರಡೆಯನ್ನೂ ಹೊರಕ್ಕೆ ನೂಕಿತು. ತಿರುಗುವ ಶಾಫ್ಟೇ ಎಣ್ಣೆಯನ್ನು ಇಕ್ಕಟ್ಟಿನೊಳಕ್ಕೆ ಎಳೆದುಕೊಂಡು, ಆ ಒತ್ತಡದಿಂದಲೇ ತನ್ನನ್ನು ಎತ್ತಿಕೊಳ್ಳುತ್ತದೆ ಎಂಬುದನ್ನು ೧೮೮೬ರಲ್ಲಿ ಆಸ್‌ಬರ್ನ್ ರೆನಾಲ್ಡ್ಸ್ ಗಣಿತದಿಂದ ನಿರೂಪಿಸಿದ. ಎಣ್ಣೆ ಸಾಲದಾದಾಗ, ಕೊಳೆಯಾದಾಗ, ಇಂಜಿನನ್ನು ತಣ್ಣಗಿರುವಾಗ ಎಬ್ಬಿಸಿದ ಮೊದಲ ಕ್ಷಣಗಳಲ್ಲಿ ಪೊರೆ ಹರಿಯುತ್ತದೆ, ಆಗ ಉಜ್ಜಾಟ. ಎರಡರಲ್ಲೊಂದು ಸವೆಯಲೇಬೇಕು. ಶಾಫ್ಟು ಸವೆದರೆ ಇಂಜಿನಿನ ಜೀವವೇ ಹೋದಂತೆ. ಅದಕ್ಕಾಗಿ ಶೆಲ್ಲನ್ನು ಮೆದುವಾಗಿ ಮಾಡಿದ್ದಾರೆ. ಸವೆಯುವುದಕ್ಕೆಂದೇ ಅದನ್ನು ಅಲ್ಲಿಟ್ಟಿರುವುದು.

ಶನಿವಾರ ಬೆಳಗ್ಗೆ ಕೆಲಸ ಆರಂಭವಾಯಿತು. ಗಾಡಿಯ ಮುಂಭಾಗವನ್ನು ಜಾಕಿಯಿಂದ ಎತ್ತಿ, ಎರಡು ಗಟ್ಟಿ ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಇಳಿಸಿದೆವು. “ಬರಿಯ ಜಾಕಿಯನ್ನು ನಂಬಿ ಗಾಡಿಯ ಕೆಳಗೆ ಹೋದವನು ತಿರುಗಿ ಬರುತ್ತಾನೆಂಬ ಭರವಸೆಯಿಲ್ಲ,” ಎಂದ ಅಣ್ಣ. ಅದು ಅಪ್ಪನ ಮಾತು, ಅಪ್ಪನದೇ ಧ್ವನಿಯಲ್ಲಿ. ಎಣ್ಣೆಯನ್ನು ಬಸಿದಾಗ ಅದರಲ್ಲಿ ಹೊನ್ನಿನ ಪುಡಿಯಂತೆ ಏನೋ ಮಿನುಗಿತು. ಬೇರಿಂಗಿನ ಲೋಹವೇ ಅದು. ಈ ಗಾಡಿಯಲ್ಲಿ ಇಂಜಿನಿನ ತಳದ ಎಣ್ಣೆಬಾನಿಯನ್ನು, ಎಂದರೆ ನಮ್ಮ ಮೆಕ್ಯಾನಿಕರು ಚೇಂಬರ್ ಎನ್ನುವುದನ್ನು, ಕಳಚುವುದು ಸುಲಭವಲ್ಲ. ಅಡ್ಡಲಾಗಿರುವ ತೊಲೆಯೊಂದು ಮುಂದಿನ ಬೋಲ್ಟುಗಳನ್ನು ಮರೆಮಾಡಿರುತ್ತದೆ. ಇಂಜಿನಿನ ಮುಂದಿನ ಆಧಾರಗಳನ್ನು ಸಡಿಲಿಸಿ, ಅದನ್ನು ನಾಲ್ಕು ಬೆರಳಿನಷ್ಟು ಮೇಲಕ್ಕೆತ್ತಿ, ಅವನು ಒಂದೊಂದಾಗಿ ಬೋಲ್ಟು ಬಿಚ್ಚಿದ. ನಾನು ಕೈಪಿಡಿಯನ್ನು ಗಟ್ಟಿಯಾಗಿ ಓದುವುದು, ದೀಪ ಹಿಡಿಯುವುದು, ಕೇಳಿದ ಸ್ಪ್ಯಾನರಿನ ಬದಲು ಬೇರೊಂದನ್ನು ಕೊಡುವುದು, ಇಷ್ಟನ್ನು ಮಾಡಿದೆ.

ನಾಲ್ಕು ರಾಡುಗಳ ಅಡಿಯ ಮುಚ್ಚಳಗಳನ್ನು ಅವನು ಕಳಚಿ ಕೊಟ್ಟಂತೆ ತೊಳೆದು ಬಟ್ಟೆಯ ಮೇಲೆ ಸಾಲಾಗಿಡುವ ಹೊಣೆ ನನ್ನದಾಗಿತ್ತು. ತೊಳೆಯುವ ಉತ್ಸಾಹದಲ್ಲಿ ಎರಡನೆಯದನ್ನೂ ಮೂರನೆಯದನ್ನೂ ಅದಲುಬದಲು ಮಾಡಿಬಿಟ್ಟೆ. ಅಣ್ಣ ಅದನ್ನು ಕಂಡು ಕೆಲಸ ನಿಲ್ಲಿಸಿದ. ರಾಡನ್ನೂ ಅದರ ಮುಚ್ಚಳವನ್ನೂ ಕೂಡಿಸಿಯೇ ಕೊರೆದಿರುತ್ತಾರೆ. ಒಂದರ ಮುಚ್ಚಳ ಇನ್ನೊಂದಕ್ಕೆ ಹೊಂದಿದಂತೆ ಕಂಡರೂ ಹೊಂದುವುದಿಲ್ಲ. ಅದಲುಬದಲಾಗಿ ಕೂಡಿಸಿದ್ದರೆ ಹೊಸ ಬೇರಿಂಗೂ ಕೆಲವೇ ಮೈಲಿಗಳಲ್ಲಿ ಹಾಳಾಗುತ್ತಿತ್ತು. ಬಿಚ್ಚುವ ಮೊದಲೇ ಅವನು ಒಂದೊಂದಕ್ಕೂ ಚುಕ್ಕಿಗಳ ಗುರುತು ಹೊಡೆದಿದ್ದುದರಿಂದ ಬಚಾವಾದೆವು. ಅವನು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮೂರನೆಯ ರಾಡಿನ ಶೆಲ್ಲು ಹೊರಬಂದಾಗ ಇಬ್ಬರೂ ಸುಮ್ಮನಾದೆವು. ಬೂದುಬಣ್ಣವಿರಬೇಕಾದ ಒಳಮೈ ಅಲ್ಲಲ್ಲಿ ಹರಿದು, ಅಡಿಯ ತಾಮ್ರ ಕೆಂಪಗೆ ಕಾಣುತ್ತಿತ್ತು. ಅಣ್ಣ ಅದನ್ನು ದೀಪದ ಬೆಳಕಿಗೆ ಹಿಡಿದು, “ಅಪ್ಪನ ಗಾಡಿಯದು ಇದಕ್ಕಿಂತಲೂ ಸವೆದಿತ್ತು,” ಎಂದ.

ಅಪ್ಪನ ಗಾಡಿ ೧೯೯೯ರಲ್ಲಿ, ಉಡುಪಿಯಿಂದ ಬರುವಾಗ, ಸೋಮೇಶ್ವರದಿಂದ ಆಗುಂಬೆಗೆ ಘಾಟಿ ಹತ್ತುವ ನಡುವೆ ನಿಂತುಹೋಗಿತ್ತು. ರಾಡು ತುಂಡಾಗಿ ಇಂಜಿನಿನ ಪಕ್ಕವನ್ನು ಸೀಳಿಕೊಂಡು ಹೊರಬಂದಿತ್ತಂತೆ. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ನಾನು ಆಗ ಮೈಸೂರಿನಲ್ಲಿ ಎಂ.ಎ. ಸೇರಿದ ಹೊಸತು. ನನಗೆ ಬಂದ ಕಾಗದದಲ್ಲಿ “ಗಾಡಿ ರಿಪೇರಿಗೆ ಬಿಟ್ಟಿದೆ” ಎಂಬ ಒಂದೇ ಸಾಲಿತ್ತು. ಗಾಡಿ ಎಂದ ಮೇಲೆ ರಿಪೇರಿ ಇದ್ದದ್ದೇ ಎಂದು ನಾನು ಮುಂದೆ ಓದಿದ್ದೆ.

“ಮೊದಲೇ ಸದ್ದು ಬರುತ್ತದೆ ಎಂದೆಯಲ್ಲ. ಅಪ್ಪನಿಗೆ ಅದು ಕೇಳಿಸಲಿಲ್ಲವೇ?” ಎಂದು ಕೇಳಿದೆ.

ಅಣ್ಣ ಕೈ ಒರೆಸಿಕೊಂಡ. “ಕೇಳಿಸದೆ ಏನು? ತಿಂಗಳ ಮೊದಲೇ ಕೇಳಿಸಿತ್ತು. ಬೇರಿಂಗು ಹಾಕಿಸಲು ಹಣವನ್ನೂ ತೆಗೆದಿಟ್ಟಿದ್ದರು. ಅಷ್ಟರಲ್ಲಿ ನಿನಗೆ ಸೀಟು ಸಿಕ್ಕಿದೆಯೆಂದು ಕಾಗದ ಬಂತು. ಫೀಜು, ಹಾಸ್ಟೆಲು ಎಲ್ಲವನ್ನೂ ಒಂದೇ ವಾರದಲ್ಲಿ ಕಟ್ಟಬೇಕಾಗಿತ್ತು. ದಪ್ಪನೆಯ ಎಣ್ಣೆ ಹಾಕಿ, ನಿಧಾನವಾಗಿ ಓಡಿಸಿದರೆ ದೀಪಾವಳಿಯ ತನಕ ಬಂದೀತು ಎಂದುಕೊಂಡಿದ್ದರು.”

“ನನಗೆ ಯಾರೂ ಹೇಳಲಿಲ್ಲ.”

“ಹೇಳಕೂಡದು ಅಂದಿದ್ದರು. ಈಗ ಹೇಳಿದೆ.” ಅಷ್ಟು ಹೇಳಿ ಅವನು ಮತ್ತೆ ಗಾಡಿಯ ಕೆಳಗೆ ಸರಿದ. ನಾನು ದೀಪ ಹಿಡಿದುಕೊಂಡೆ.

ಶಾಫ್ಟಿನ ಮೈಯನ್ನು ಅವನು ಮೊದಲು ಉಗುರಿನಿಂದ ಗೀರಿ ನೋಡಿದ. ಉಗುರು ಎಲ್ಲೂ ತಡೆಯಲಿಲ್ಲ. ಆಮೇಲೆ ಮೈಕ್ರೋಮೀಟರಿನಿಂದ ನಾಲ್ಕು ದಿಕ್ಕಿನಲ್ಲಿ ಅಳೆದ. ಅಲ್ಲಿ ೧.೮೭೫೯ರಿಂದ ೧.೮೭೬೪ ಅಂಗುಲದೊಳಗಿರಬೇಕು. ಅಷ್ಟರೊಳಗೇ ಇತ್ತು. ಶೆಲ್ಲು ತಾನು ಹರಿದು ಶಾಫ್ಟನ್ನು ಉಳಿಸಿಕೊಟ್ಟಿತ್ತು. ಗಾಡಿ ಮಾರುವ ಮಾತು ಅಲ್ಲಿಗೆ ನಿಂತಿತು, ಅತ್ತಿಗೆಯವರು ಒಳಗಿನಿಂದ ಕಾಫಿ ತಂದು, “ಉಳಿಯಿತಾ? ನನ್ನ ಹಣೆಬರಹ!” ಎಂದು ನಗುತ್ತಲೇ ಹೋದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ತರಗತಿಯಲ್ಲಿ ಗಂಧದ ಕೊರಡಿನ ಉಪಮೆಯನ್ನು ಎಷ್ಟು ಸಲ ವಿವರಿಸಿದ್ದೇನೋ ಲೆಕ್ಕವಿಲ್ಲ. ನನ್ನ ಮನೆಯ ಕೊರಡನ್ನು ಕಾಣಲು ಇಷ್ಟು ವರ್ಷ ಬೇಕಾಯಿತು.

ಭಾನುವಾರ ಕೂಡಿಸುವ ಕೆಲಸ. ಬಿಚ್ಚುವುದಕ್ಕಿಂತ ಇದಕ್ಕೆ ಹೆಚ್ಚು ನಿಧಾನ ಬೇಕು. ಶೆಲ್ಲಿನ ಬೆನ್ನಿನಲ್ಲಿ ಧೂಳಿನ ಒಂದು ಕಣವೂ ಇರಕೂಡದು. ಅದರ ಅಂಚಿನ ಪುಟ್ಟ ನಾಲಗೆ ರಾಡಿನ ಕಚ್ಚಿನಲ್ಲಿ ಸರಿಯಾಗಿ ಕೂರಬೇಕು. ಹೊಸ ಶೆಲ್ಲನ್ನಿಟ್ಟು, ಶಾಫ್ಟಿನ ಮೇಲೆ ದಾರದಷ್ಟು ಸಣ್ಣ ಪ್ಲಾಸ್ಟಿಕ್ ಎಳೆಯೊಂದನ್ನಿರಿಸಿ, ಮುಚ್ಚಳ ಬಿಗಿದು ಮತ್ತೆ ಬಿಚ್ಚಿದೆವು. ಎಳೆ ಚಪ್ಪಟೆಯಾಗಿತ್ತು. ಎಷ್ಟು ಅಗಲ ಹರಡಿದೆಯೆಂದು ಕಾಗದದ ಪಟ್ಟಿಯೊಡನೆ ಹೋಲಿಸಿದರೆ ನಡುವಣ ಎಡೆ ಎಷ್ಟೆಂದು ತಿಳಿಯುತ್ತದೆ. ಅಂಗುಲದ ಸಾವಿರದಲ್ಲಿ ಎರಡು ಪಾಲು, ಎಂದರೆ ಒಂದು ಮಿಲಿಮೀಟರಿನ ಇಪ್ಪತ್ತನೆಯ ಒಂದು ಭಾಗ! ಇದಕ್ಕಿಂತ ತೀರ ಹೆಚ್ಚಾದರೆ ಸದ್ದು. ತೀರ ಕಡಿಮೆಯಾದರೆ ಎಣ್ಣೆಗೆ ಜಾಗವಿಲ್ಲದೆ ಇಂಜಿನು ಹಿಡಿದುಕೊಳ್ಳುತ್ತದೆ. ಎಳೆಯನ್ನು ಒರೆಸಿ ತೆಗೆದು, ಒಳಮೈಗೆ ಹೊಸ ಎಣ್ಣೆ ಸವರಿ, ನಾಲ್ಕನ್ನೂ ಕೂಡಿಸಿದೆವು. ಶಾಫ್ಟನ್ನು ಹೊತ್ತಿರುವ ಐದು ಮುಖ್ಯ ಬೇರಿಂಗುಗಳಲ್ಲಿ ನಡುವಿನದನ್ನೂ ಬಿಚ್ಚಿ ನೋಡಿದ ಅಣ್ಣ, ಅದು ಇನ್ನೂ ಅಳತೆಯೊಳಗಿದೆಯೆಂದು ತೀರ್ಮಾನಿಸಿ, ಉಳಿದವನ್ನು ಮುಂದೆ ಇಂಜಿನು ಹೊರತೆಗೆದಾಗ ನೋಡುವುದೆಂದು ಬಿಟ್ಟ.

ಕೊನೆಯ ಮುಚ್ಚಳದ ಎರಡು ಬೋಲ್ಟುಗಳನ್ನು ಬಿಗಿಯಲು ಅವನು ಟಾರ್ಕ್ ರೆಂಚನ್ನು ನನ್ನ ಕೈಗಿತ್ತ. ೩೫ರಿಂದ ೪೦ ಪೌಂಡ್-ಅಡಿಯಷ್ಟು ಬಲ ಸಾಕು, ಅದಕ್ಕಿಂತ ಹೆಚ್ಚು ಬೇಡವೆಂದು ಕೈಪಿಡಿ ಹೇಳುತ್ತದೆ. ಮಲಗಿದಲ್ಲಿಂದಲೇ ಎಳೆದೆ. ರೆಂಚು ಟಿಕ್ಕೆಂದಿತು. ಇನ್ನೊಂದನ್ನೂ ಎಳೆದೆ. ಅಣ್ಣ ಎರಡನ್ನೂ ಇನ್ನೊಮ್ಮೆ ಪರೀಕ್ಷಿಸಿದ, ನನಗೆ ಬೇಸರವಾಗಲಿಲ್ಲ.

ಸಂಜೆಗೆ ಹೊಸ ಎಣ್ಣೆ ತುಂಬಿದೆವು. ಸ್ಪಾರ್ಕ್ ಪ್ಲಗ್ಗುಗಳನ್ನು ತೆಗೆದಿಟ್ಟು, ಇಂಜಿನು ಹತ್ತಿಕೊಳ್ಳದಂತೆ ಸ್ಟಾರ್ಟರಿನಿಂದ ಬರಿದೆ ಸುತ್ತಿಸಿದ. ಎಣ್ಣೆ ಎಲ್ಲ ಸಂದುಗಳನ್ನೂ ತಲಪಬೇಕು. ಮುಳ್ಳು ಅಲುಗಲಿಲ್ಲ. ಮತ್ತೆ ಸುತ್ತಿಸಿದ. ಮೂರನೆಯ ಸಲ ಅದು ಮೆಲ್ಲನೆ ಎದ್ದಿತು. ಪ್ಲಗ್ಗುಗಳನ್ನು ಹಾಕಿ ಕೀಲಿ ತಿರುಗಿಸಿದಾಗ ಇಂಜಿನು ಗುಡುಗಿ ನಿಂತು, ಮತ್ತೆ ಎಬ್ಬಿಸಿದಾಗ ಸಮಸ್ವರದಲ್ಲಿ ಓಡಿತು. ಮುಳ್ಳು ೬೦ರ ಬಳಿ ನಿಂತಿತ್ತು. ಅಣ್ಣ ಸ್ಕ್ರೂಡ್ರೈವರನ್ನು ಇಂಜಿನಿಗೆ ಒತ್ತಿ, ಹಿಡಿಕೆಯನ್ನು ನನ್ನ ಕಿವಿಗೆ ಹಚ್ಚಿದ. ಕಟಕಟ ಇರಲಿಲ್ಲ.

ಊರಿಗೆ ಬಂದ ಮೇಲೆ ತೀರ್ಥಹಳ್ಳಿಗೆ ಹೋಗಿ ಅಮ್ಮನನ್ನು ಕೇಳಿದೆ. ಅವಳು ಮೊದಲು ಅಣ್ಣನನ್ನು ಬೈದಳು. ಆಮೇಲೆ, ಗಾಡಿ ನಿಂತಿದ್ದ ನಾಲ್ಕು ತಿಂಗಳೂ ಅಪ್ಪ ಬೇರೆಯವರ ಗಾಡಿಯನ್ನು ದಿನಗೂಲಿಗೆ ಓಡಿಸಿದ್ದನ್ನು, ನಾನು ದಸರೆಯ ರಜೆಗೆ ಬಂದಾಗ “ನಮ್ಮ ಗಾಡಿಗೆ ಬಣ್ಣ ಹೊಡೆಸುತ್ತಿದ್ದೇನೆ” ಎಂದು ಅವರು ನನಗೆ ಹೇಳಿದ್ದನ್ನು ನೆನಪಿಸಿದಳು. ಹೌದು, ಹಾಗೆಂದಿದ್ದರು. ಯಾವ ಬಣ್ಣ ಎಂದು ಕೂಡ ನಾನು ಕೇಳಿರಲಿಲ್ಲ.